ಲಂಟಾನ ಲೆಸ್ಟರ್ ಕಟ್ಟಿದ ಬಾಜಿ

ನನ್ನ ತಂಗಿ ಗಂಡ ಲೆಸ್ಟರ್ ಟ್ರೆಲೋರ್ ಉಣುಗನ್ನ ಲೆಕ್ಕಕ್ಕೇ ಇಡ್ತಿರಲಿಲ್ಲ. ಹಗಲೆಲ್ಲ ಲಂಟಾನದ ಪೊದೆಯೊಳಗೆ ಬದುಕೋ ಮನುಷ್ಯ. ಸಂಜೆ ನನ್ನ ವರಾಂಡಕ್ಕೆ ಬಂದು ಕೂತು, ಮಾತಾಡ್ತಾ ಮಾತಾಡ್ತಾನೇ ಕಂಕುಳಲ್ಲೊಂದು, ಕಿವಿ ಹಿಂದೊಂದು ಹುಡುಕಿ, ಉಗುರಲ್ಲಿ ಹಿಂಡಿ ಕಿತ್ತು, ಬೂಟಿನಡಿ ಹಾಕಿ ಹೊಸಕೋನು. "ಹಾಗೆ ಹಿಂಡಬೇಡ್ವೋ, ಅದರ ಹೊಟ್ಟೇಲಿರೋದೆಲ್ಲ ನಿನ್ನ ಮೈಗೇ ಕಕ್ಕುತ್ತೆ" ಅಂತ ನಾನು ಬಾಯಿ ಬಡ್ಕೊಳ್ತಿದ್ದೆ. ಉಣುಗನ್ನ ಕಚ್ಚಿದ ಜಾಗದಲ್ಲೇ ಮರಗಟ್ಟಿಸಿ ಸಾಯಿಸೋ ಸ್ಪ್ರೇ ಔಷಧಿ ಅಂಗಡೀಲಿ ಸಿಗುತ್ತೆ. ಲೆಸ್ಟರ್ ಅದಕ್ಕೆ ಪಟ್ಟಣದೋರ ಸೆಂಟು ಅನ್ನೋನು. ಅವರಪ್ಪ ಉಗುರಲ್ಲೇ ಕೀಳ್ತಿದ್ದನಂತೆ, ತಾತ ಉಗುರಲ್ಲೇ ಕೀಳ್ತಿದ್ದನಂತೆ. ನಮ್ಮ ಡಾಬಿನ್ಸ್ ಕ್ರೀಕ್ ಕಣಿವೇಲಿ ಗಂಡಸರು ಅನ್ನಿಸ್ಕೊಂಡೋರೆಲ್ಲ ಹಾಗೇ ಮಾಡೋದು.

ಟ್ರೆಲೋರ್‌ಗಳದ್ದು ಒಂದು ಕಾಲಕ್ಕೆ ಹಾಲಿನ ಮನೆ. ದೊಡ್ಡ ಡೈರಿಗಳು ಬಂದ ಮೇಲೆ ಹಸುಗಳು ಹೋದವು. ಹುಲ್ಲುಗಾವಲನ್ನ ಲಂಟಾನ ನುಂಗಿತು. ಲೆಸ್ಟರ್ ಆ ಲಂಟಾನವನ್ನೇ ಹೊಟ್ಟೆಪಾಡು ಮಾಡ್ಕೊಂಡ. ಸಿಡ್ನಿಯಿಂದ ಬಂದು ಜಮೀನು ಕೊಂಡೋರಿಗೆ ಪೊದೆ ಸವರಿ ಕೊಡೋ ಕೆಲಸ. ಹಾಗಾಗಿ ಊರೆಲ್ಲ ಅವನನ್ನ ಲಂಟಾನ ಲೆಸ್ಟರ್ ಅಂತಲೇ ಕರೀತಿತ್ತು. ಮೊಂಡ, ಬಾಯಿಬಡುಕ, ಕಷ್ಟ ಅಂದ್ರೆ ಎಲ್ಲರಿಗಿಂತ ಮೊದಲು ಬರೋನು. ನನ್ನ ತಂಗಿ ಮೇವಿಸ್ ಅವನಲ್ಲಿ ಏನು ಕಂಡಳೋ ಅಂತ ನಾನು ವರ್ಷಗಟ್ಟಲೆ ಗೊಣಗಿದೀನಿ. ಆಮೇಲೆ ನನಗೂ ಕಂಡಿತು.

ಮೇವಿಸ್ ತೀರಿಹೋದ ಮೇಲೆ ಅವನು ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ಬೇಕರಿ ಪೈ, ಬಿಳಿ ಬ್ರೆಡ್ಡು, ಬಿಯರು. ಊದ್ಕೊಂಡ. ಸಕ್ಕರೆ ಕಾಯಿಲೆ ಬಂತು, ಕಾಲ್ಬೆರಳಲ್ಲಿ ಹುಣ್ಣಾಗಿ ಮಾಯಲಿಲ್ಲ. ಬೆರಳು ತೆಗೀಬೇಕಾಗಬಹುದು ಅಂತ ಡಾಕ್ಟರು ಹೇಳಿದ ವಾರವೇ ಫೋನಲ್ಲಿ ಅದ್ಯಾವುದೋ ಗುಂಪು ಸಿಕ್ಕಿತು. ಬರೀ ಮಾಂಸ ತಿನ್ನೋರ ಗುಂಪು. ದನ, ಕುರಿ, ಮೊಟ್ಟೆ, ಉಪ್ಪು, ನೀರು. ಒಂದು ಎಲೆ ಕೂಡ ಬಾಯಿಗೆ ಹೋಗಬಾರದು.

"ನಿನಗೇನು ಹುಚ್ಚೇನೋ?" ಅಂತ ಮೊದಲು ನಕ್ಕಿದ್ದು ನಾನೇ. ಆದರೆ ಕಣ್ಣಾರೆ ಕಂಡದ್ದನ್ನ ಇಲ್ಲ ಅನ್ನೋದು ನನ್ನ ಕೈಲಾಗಲ್ಲ. ಹೊಟ್ಟೆ ಇಳೀತು, ಸಕ್ಕರೆ ಇಳೀತು, ಹುಣ್ಣು ಮಾಯಿತು. ಕೊಬ್ಬಿನಂಶ ನೋಡಿ ಡಾಕ್ಟರು ಮುಖ ಗಂಟು ಹಾಕಿದ್ರೂ ಸಕ್ಕರೆ ಮಾತ್ರೆ ನಿಲ್ಲಿಸಿದ್ರು. ಲೆಸ್ಟರ್ ಮತ್ತೆ ಮರ ಹತ್ತೋ ಹಾಗಾದ. ಅಷ್ಟೇ ಆಗಿದ್ರೆ ಒಳ್ಳೇದಿತ್ತು. ಅವನು ಉಪದೇಶಕ್ಕೆ ಇಳಿದ. ತರಕಾರಿ ಅಂದ್ರೆ ವಿಷ, ಹಣ್ಣು ಅಂದ್ರೆ ವಿಷ, ನನ್ನ ತಟ್ಟೇಲಿದ್ದ ಬೀನ್ಸನ್ನ ನೋಡಿ "ವಿಲ್ಮಾ, ಅದು ನಿನ್ನನ್ನ ಒಳಗಿಂದ ಕೊಲ್ತಾ ಇದೆ" ಅನ್ನೋನು.

"ನೀನು ಹೊರಗಿಂದ ಕೊಲ್ತಾ ಇದೀಯಲ್ಲ, ಅದಕ್ಕಿಂತ ವಾಸಿ" ಅಂತ ನಾನು ತಿನ್ತಿದ್ದೆ.

ಇಂಥವನ ಹೊಟ್ಟೇಲಿ ಹುಟ್ಟಿದೋಳು ಬ್ರಾನ್ವೆನ್, ನಮಗೆಲ್ಲ ಬ್ರಾನ್. ಹಾಲಿಗೋಸ್ಕರ ಎಳೆಗರುಗಳನ್ನ ತಾಯಿಯಿಂದ ಬಿಡಿಸಿ ಲಾರಿಗೆ ಹತ್ತಿಸೋದನ್ನ ಚಿಕ್ಕವಳಿದ್ದಾಗ ದಿನಾ ನೋಡಿದ ಹುಡುಗಿ. ಶಾಲೆ ಮುಗಿಯೋ ಮುಂಚೆಯೇ ವೀಗನ್ ಆದಳು. ಮಾಂಸ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ, ಜೇನೂ ಇಲ್ಲ. ಸೇತುವೆ ಪಕ್ಕ ಅವಳದ್ದೊಂದು ಕೆಫೆ. ಅದಕ್ಕೆ ಅಪ್ಪ ಇಟ್ಟ ಹೆಸರು ಹುಲ್ಲಂಗಡಿ. ಅವಳೂ ನೆಟ್ಟಗೇ ಇದ್ದಳು ನೋಡಿ. ತೆಳ್ಳಗೆ, ಚುರುಕಾಗಿ, ರಕ್ತದೊತ್ತಡ ಇಲ್ಲ, ಕೊಬ್ಬಿಲ್ಲ. ಬೆಳಿಗ್ಗೆ ಗುಡ್ಡ ಓಡಿ ಹತ್ತಿ ಬಂದು ಒಲೆ ಹಚ್ಚೋಳು.

"ದನದ ಮೇವು ನೀನು ತಿಂತೀಯ, ದನಾನ ನಾನು ತಿಂತೀನಿ" ಅನ್ನೋನು ಅಪ್ಪ. "ನಿನ್ನ ಕೆಲಸಾನೂ ಸೇರಿಸಿ ನಾನೇ ಮಾಡಿದ ಹಾಗಾಯ್ತು."

"ತಿನ್ನಪ್ಪ, ತಿನ್ನು. ಎದೆ ಹಿಡ್ಕೊಂಡು ಬಿದ್ದಾಗ ಆ ದನ ಬಂದು ಎತ್ತುತ್ತೆ."

ಹೊರಗಿನೋರಿಗೆ ತಮಾಷೆ. ನನಗೆ ಮಾತ್ರ ಅದರಡಿ ಏನಿದೆ ಅಂತ ಗೊತ್ತಿತ್ತು. ಮೇವಿಸ್‌ನ ಮಣ್ಣು ಮಾಡಿ ಬಂದ ಮೇಲೆ ಇವರಿಬ್ಬರಿಗೂ ಒಂದೇ ಭಯ. ಉಳಿದಿರೋ ಇನ್ನೊಬ್ಬರೂ ಹೋಗಿಬಿಟ್ಟರೆ? ಮಾಂಸ ತಿನ್ನೋರ ಕರುಳು ಹೇಗೆ ಕೊಳೆಯುತ್ತೆ ಅಂತ ಅವಳು ಅವನ ಫೋನಿಗೆ ವಿಡಿಯೋ ಕಳಿಸೋಳು. ವೀಗನ್‌ಗಳ ಮೂಳೆ ಹೇಗೆ ಪುಡಿಯಾಗುತ್ತೆ ಅಂತ ಅವನು ಅವಳಿಗೆ ಕಳಿಸೋನು. ಎರಡೂ ನನಗೂ ಬರೋವು. ಆಮೇಲಾಮೇಲೆ ಇವನ ಮಾತನ್ನ ಅವಳು ಕಿವಿ ಮೇಲೇ ಹಾಕ್ಕೊಳ್ತಿರಲಿಲ್ಲ, ಅವಳದ್ದನ್ನ ಇವನು ತೆರೆದೂ ನೋಡ್ತಿರಲಿಲ್ಲ.

ಕೇಡಿನ ಮೊದಲ ಸುಳಿವು ಕಂಡದ್ದು ಅವಳ ಪಾದದಲ್ಲಿ. ಕೆಫೇಲಿ ಕಾದ ಎಣ್ಣೆ ಚಪ್ಪಲಿ ಮೇಲೆ ಚೆಲ್ಲಿ ಬೆರಳೆಲ್ಲ ಬೊಬ್ಬೆ ಎದ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ! ಗಿರಾಕಿ ತೋರಿಸಿದ ಮೇಲೆ ಬಗ್ಗಿ ನೋಡಿದಳಂತೆ. ಲೆಸ್ಟರ್ ಅದನ್ನ ಕೇಳಿ ಬಿಳಿಚಿಕೊಂಡ.

"ಮಗಳೇ, ನಿನ್ನ ಮೈಯಲ್ಲಿ ಬಿ ಹನ್ನೆರಡು ವಿಟಮಿನ್ ಖಾಲಿಯಾಗಿದೆ. ಅದು ಸೊಪ್ಪಲ್ಲಿ ಇಲ್ಲ. ನರ ಸಾಯುತ್ತೆ. ರಕ್ತ ಪರೀಕ್ಷೆ ಮಾಡಿಸು."

"ನಿನ್ನ ಫೋನೊಳಗಿನ ಡಾಕ್ಟರುಗಳು ಹೇಳಿದ್ರಾ?"

"ಯಾರಾದ್ರೂ ಹೇಳಿರಲಿ, ಮಾಡಿಸೇ!"

ಅವಳು ಆಗ ಮಾಡಿಸಲಿಲ್ಲ. ಒಂದು ಸಣ್ಣ ಮಾತ್ರೆಯಲ್ಲಿ ತಡೀಬಹುದಾಗಿದ್ದ ಕಾಯಿಲೆ. ಎಷ್ಟೋ ಜನ ವೀಗನ್‌ಗಳು ಅದನ್ನ ನುಂಗಿ ಆರಾಮಾಗಿದಾರೆ. ಇವಳು ಮಾತ್ರ, ಹೇಳಿದ್ದು ಅಪ್ಪ ಅನ್ನೋ ಒಂದೇ ಕಾರಣಕ್ಕೆ, ಬೇಡ ಅಂದಳು.

ಚಳಿಗಾಲ ಕಳೆದ ಮೇಲೆ ಅವಳ ಹುಟ್ಟುಹಬ್ಬ ಬಂತು. ಲೆಸ್ಟರ್ ಮಧ್ಯಾಹ್ನ ತನ್ನ ಮನೇಲೇ ದನದ ಸ್ಟೇಕು ಮುಗಿಸಿ, ಸಂಜೆ ತಲೆ ಬಾಚಿಕೊಂಡು ಹುಲ್ಲಂಗಡಿಗೆ ಬಂದ. ಗೋಡಂಬಿ, ತೆಂಗಿನಕಾಯಿ ಹಾಕಿದ ಕೇಕು. ಅವಳು ಕೊಯ್ದು ಹಂಚ್ತಾ ಅಪ್ಪನ ಮುಂದೆ ತಟ್ಟೆ ಹಿಡ್ಕೊಂಡು ನಿಂತಳು. ಅವನು ಅವಳ ಮುಖ ನೋಡಿದ. "ಕೊಡು ಇತ್ಲಾಗೆ, ಸತ್ತರೆ ಸಾಯ್ತೀನಿ" ಅಂತ ಒಂದು ಹೋಳು ತಿಂದೇಬಿಟ್ಟ. ಎಲ್ಲರೂ ಚಪ್ಪಾಳೆ ಹೊಡೆದ್ವಿ. ಬ್ರಾನ್ ಅವನ ಕೆನ್ನೆಗೆ ಮುತ್ತು ಕೊಟ್ಟಳು.

ಸ್ವಲ್ಪ ಹೊತ್ತಿಗೆ ಅವನ ಅಂಗೈ ಕಡಿಯೋಕೆ ಶುರುವಾಯಿತು. ಮೈಯೆಲ್ಲ ದದ್ದು. ತುಟಿ ಊದಿ, ಉಸಿರು ಗೊರಗೊರ ಅಂತು. ಆಂಬುಲೆನ್ಸಲ್ಲಿ ಹಾಕ್ಕೊಂಡು ಓಡಿದ್ವಿ. ಕೊನೇಗೆ ಏನು ತಿಂದದ್ದು ಅಂತ ಆಸ್ಪತ್ರೇಲಿ ಕೇಳಿದ್ರು. ಕೇಕು ಅಂದ್ವಿ. ಅಲ್ಲಿಗೆ ಅದು ಗೋಡಂಬಿ ಅಲರ್ಜಿ ಅಂತ ಆಗಿಹೋಯಿತು. ಗೋಡಂಬಿ ಮುಟ್ಟಬೇಡ, ಮತ್ತೆ ಹೀಗಾದರೆ ತೊಡೆಗೆ ಚುಚ್ಚಿಕೋ ಅಂತ ಪೆನ್ನಿನ ಥರದ ಇಂಜೆಕ್ಷನ್ ಎರಡು ಕೊಟ್ಟು ಕಳಿಸಿದ್ರು.

ಲೆಸ್ಟರ್ ಗೆದ್ದವನ ಹಾಗೆ ಮನೆಗೆ ಬಂದ. "ನೋಡಿದ್ಯಾ ವಿಲ್ಮಾ? ಒಂದೇ ಒಂದು ಹೋಳು! ವಿಷ ಅಂದ್ರೆ ನಗ್ತಿದ್ದೆಯಲ್ಲ?" ಬ್ರಾನ್ ಮಾತ್ರ ಅವತ್ತಿಂದ ಅಪ್ಪನ ಮನೆ ಮೆಟ್ಟಿಲು ಹತ್ತೋದು ಬಿಟ್ಟಳು. "ನಾನೇ ಅಪ್ಪನ್ನ ಸಾಯಿಸ್ತಿದ್ದೆ ದೊಡ್ಡಮ್ಮ" ಅಂತ ನನ್ನ ಹತ್ರ ಅತ್ತಳು.

ಆದರೆ ಲೆಸ್ಟರ್‌ಗೆ ಗುಣ ಆಗಲಿಲ್ಲ. ಗೋಡಂಬಿ ಇಲ್ಲ, ಕೇಕಿಲ್ಲ, ಆದರೂ ಕೆಲವು ಸಂಜೆ ಹೊಟ್ಟೆ ಹಿಡ್ಕೊಂಡು ಮುದುಡಿ ಕೂರೋನು. ಬೆನ್ನ ಮೇಲೆ ಕೆಂಪು ಬರೆ ಏಳೋವು. ಹಳೇ ಸೊಪ್ಪಿನ ವಿಷ ಈಗ ಹೊರಗೆ ಬರ್ತಾ ಇದೆ, ಇನ್ನೂ ಜಾಸ್ತಿ ಮಾಂಸ ತಿನ್ನು ಅಂತ ಫೋನಿನ ಗುಂಪಿನೋರು ಹೇಳಿದ್ರಂತೆ. ಇವನು ತಿಂದ. ಕೊಬ್ಬು ಸೋರೋ ತುಂಡುಗಳನ್ನೇ ಆರಿಸಿ ತಂದು ತಿಂದ. ನನಗೆ ಅವನ ಬಾಣಲೆ ಚುರುಗುಟ್ಟೋ ಸದ್ದು ಕೇಳಿದ್ರೇ ಎದೆ ಭಾರ ಆಗೋದು. ಯಾಕೆ ಅಂತ ಹೇಳೋಕೆ ಬರ್ತಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಬ್ರಾನ್ ಒಲೆ ಆರಿಸಿ, ಅಂಗಡಿ ಬಾಗಿಲು ಹಾಕ್ಕೊಂಡು ಏದುಸಿರು ಬಿಡ್ತಾ ನನ್ನ ಮನೆಗೆ ಬಂದಳು. ಡೂಗಲ್ ಅಂತ ಬೇಲಿ ಹಾಕೋ ಆಳು, ದಾಂಡಿಗ, ದಿನಾ ಕೆಫೆಗೆ ಬಂದು ಹರಳೆಣ್ಣೆ ಕುಡಿದೋನ ಮುಖ ಮಾಡ್ಕೊಂಡು ಬೇಳೆ ಪೈ ತಿನ್ನೋನು. ನೀನೂ ವೀಗನ್ನಾ ಅಂತ ಅವಳು ಕೇಳಿದ್ದಕ್ಕೆ, "ಅಯ್ಯೋ ಹೋಗಮ್ಮ! ನನ್ನನ್ನ ಹೀಗೆ ಮಾಡಿದ್ದು ಉಣುಗು" ಅಂದನಂತೆ. ಉಣುಗು ಕಚ್ಚಿ ಕಚ್ಚಿ ಅವನ ಮೈ ದನ, ಕುರಿ, ಹಂದಿ ಮಾಂಸದ ಮೇಲೆ ತಿರುಗಿಬಿದ್ದಿತ್ತು. ಕೋಳಿ, ಮೀನು ಒಗ್ಗುತ್ತೆ. ದನ ತಿಂದರೆ ಜೀವಕ್ಕೇ ಬರುತ್ತೆ. ಅದೂ ತಿಂದ ತಕ್ಷಣ ಅಲ್ಲ. ಮಧ್ಯಾಹ್ನ ತಿಂದದ್ದು ಸಂಜೆಗೆ ಏಳುತ್ತೆ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ.

"ಕೇಕಲ್ಲ ದೊಡ್ಡಮ್ಮ! ಅವತ್ತು ಮಧ್ಯಾಹ್ನದ ಸ್ಟೇಕು!"

ಇಬ್ಬರೂ ಅವನ ಮನೆಗೆ ಓಡಿದ್ವಿ.

ಲೆಸ್ಟರ್ ಪೂರ್ತಿ ಕೇಳಿದ. ಕೇಳಿ, ಮೇಜು ತಟ್ಟಿ ತಟ್ಟಿ ನಕ್ಕ. "ಭೇಷ್! ಇಷ್ಟು ವರ್ಷ ಎದೆ ಒಡೆಯುತ್ತೆ, ಕರುಳು ಕೊಳೆಯುತ್ತೆ ಅಂತ ಹೆದರಿಸಿದ್ದಾಯ್ತು. ಈಗ ಉಣುಗು! ಇದನ್ನ ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿದ್ದೆನೇನೋ. ಹೇಳ್ತಿರೋದು ನೀನಲ್ವಾ!"

ಬ್ರಾನ್ ಜಗಳ ಆಡಲಿಲ್ಲ. ಕುರ್ಚಿ ಎಳ್ಕೊಂಡು ಅವನೆದುರು ಕೂತು ಚಪ್ಪಲಿ ಬಿಟ್ಟು ಪಾದ ತೋರಿಸಿದಳು. "ಅಪ್ಪ, ರಕ್ತ ಪರೀಕ್ಷೆ ಮಾಡಿಸಿದೆ. ನೀನು ಹೇಳಿದ್ದು ನಿಜ. ಬಿ ಹನ್ನೆರಡು ಇಲ್ಲವೇ ಇಲ್ಲ. ಈಗ ಇಂಜೆಕ್ಷನ್ ತಗೋತಿದೀನಿ. ಸ್ವಲ್ಪ ವಾಸಿಯಾಗಬಹುದು, ಪೂರ್ತಿ ಆಗಲ್ಲ ಅಂದಿದಾರೆ. ಬೆರಳು ಇದೆಯೋ ಇಲ್ಲವೋ ನನಗೆ ತಿಳಿಯಲ್ಲ. ಹೇಳಿದ್ದು ನೀನು ಅಂತಲೇ ನಾನು ಕೇಳಲಿಲ್ಲ. ನೀನೂ ಹಾಗೆ ಮಾಡಬೇಡ. ಮಂಗಳವಾರ ನನ್ನ ಡಾಕ್ಟರ ಹತ್ರ ಬಾ, ಉಣುಗಿನ ಅಲರ್ಜಿ ಇದೆಯಾ ಅಂತ ರಕ್ತ ನೋಡಿ ಹೇಳ್ತಾರೆ."

ಅವನ ನಗು ಹೋಯಿತು. ಆ ಪಾದವನ್ನ ಕೈಗೆ ತಗೊಂಡು ಹೆಬ್ಬೆರಳನ್ನ ಅದುಮಿದ. "ಇದು?" ಅವಳು ಇಲ್ಲ ಅಂತ ತಲೆ ಆಡಿಸಿದಳು. "ಇದು?" ಇಲ್ಲ. ಅವನ ಕಣ್ಣು ತುಂಬಿತು. ಆ ಮನುಷ್ಯ ಅತ್ತದ್ದನ್ನ ನಾನು ಮೇವಿಸ್ ಹೋದಾಗ ಬಿಟ್ಟರೆ ಮತ್ತೆ ಕಂಡಿರಲಿಲ್ಲ.

ಅಷ್ಟಕ್ಕೇ ಅವನು ಒಪ್ಪಿದ್ರೆ ನಾನಿವತ್ತು ಈ ಕಥೆ ಹೇಳ್ತಿರಲಿಲ್ಲ. ಒಪ್ಪಲಿಲ್ಲ. ಬಾಜಿ ಕಟ್ಟಿದ. ನಮ್ಮ ಕಣಿವೆ ಗಂಡಸರಿಗೆ ಇದೊಂದು ಚಟ. ಕುದುರೆ ಮೇಲೂ ಬಾಜಿ, ಮಳೆ ಮೇಲೂ ಬಾಜಿ, ಮಾತಲ್ಲಿ ಬಗೆಹರಿಯದ್ದಕ್ಕೆಲ್ಲ ಕೈ ಕುಲುಕಿ ಬಾಜಿ.

"ಮಂಗಳವಾರ ನಿನ್ನ ಡಾಕ್ಟರ ಹತ್ರ ಬರ್ತೀನಿ, ಸರಿ. ಆದರೆ ಭಾನುವಾರ ನೀವಿಬ್ಬರೂ ಇಲ್ಲಿ ಬನ್ನಿ. ನಡುಹಗಲಿಗೆ ಒಂದು ಸ್ಟೇಕು ತಿಂತೀನಿ. ಬರೀ ಸ್ಟೇಕು. ಐದು ಗಂಟೆವರೆಗೂ ನನ್ನ ನೋಡ್ತಾ ಕೂತಿರಿ. ಏನಾದ್ರೂ ಆದರೆ ಸಾಯೋವರೆಗೂ ದನ ಮುಟ್ಟಲ್ಲ. ಆಗದಿದ್ರೆ ನೀನು ಒಂದು ತುಂಡು ತಿನ್ನಬೇಕು. ನನ್ನ ಕಣ್ಣೆದುರಿಗೆ."

"ಬೇಡಪ್ಪ. ಮಂಗಳವಾರದವರೆಗೆ ಸುಮ್ಮನಿರು."

"ನಾನು ದಿನಾ ತಿಂತೀನಲ್ಲೇ! ನಿನ್ನೆ ಕೂಡ ತಿಂದೆ, ಸತ್ತೆನಾ? ನಿನ್ನ ಕಾಲು ಪೂರ್ತಿ ಹೋಗೋಕೆ ಮುಂಚೆ ನೀನು ಒಂದು ತುಂಡಾದ್ರೂ ತಿನ್ನೋದು ನೋಡಬೇಕು ನಾನು. ಅಷ್ಟೇ."

ಅವಳು ನನ್ನ ಮುಖ ನೋಡಿದಳು. ಹೇಗೂ ತಿನ್ನೋನೇ, ನಾವಿದ್ದಾಗ ತಿನ್ನಲಿ ಅಂತ ಅವಳ ಲೆಕ್ಕ. ಕೈ ಚಾಚಿದಳು. ಅವನು ಕುಲುಕಿದ.

ಆ ವಾರ ಅವನು ಕೆಳಗಿನ ಕೊರಕಲಲ್ಲಿ ಪೊದೆ ಸವರ್ತಿದ್ದ. ವಸಂತಕಾಲ, ಉಣುಗು ಕವಿಯೋ ಕಾಲ. ಭಾನುವಾರ ಹೋದಾಗ ಅವನ ಕುತ್ತಿಗೇಲಿ, ಸೊಂಟದಲ್ಲಿ ಹೊಸಾ ಗಂಟು ಕಂಡವು. "ಇದೇನು ಲೆಸ್ಟರ್, ಇಷ್ಟೊಂದು?" ಅಂದೆ. "ಎಲ್ಲಾ ಕಿತ್ತಾಯ್ತು ಬಿಡು" ಅಂತ ಉಗುರು ತೋರಿಸಿದ. ಹೊಸದಾಗಿ ಕಚ್ಚಿದಷ್ಟೂ ಒಳಗಿನ ಬೆಂಕಿ ಜಾಸ್ತಿಯಾಗುತ್ತೆ ಅಂತ ನನಗೆ ಡಾಕ್ಟರು ಹೇಳಿದ್ದು ಎಲ್ಲ ಮುಗಿದ ಮೇಲೆ.

ಬಿಸಿಲು ಮಂಕಾಗಿತ್ತು. ಗಾಳಿ ಇಲ್ಲ. ಪಡುವಣದಲ್ಲಿ ಮೋಡ ಕಟ್ಟಿ ಹಾಗೇ ನಿಂತಿತ್ತು. ಅವನ ನಾಯಿ ಕೂಡ ಬಿಸಿ ನೆಲದ ಮೇಲೆ ಬಿದ್ಕೊಂಡು ತಲೆ ಎತ್ತಲಿಲ್ಲ. ಲೆಸ್ಟರ್ ಪಕ್ಕೆಲುಬಿನ ದಪ್ಪ ತುಂಡನ್ನ ಹುರಿದ. ಸುತ್ತಲೂ ಬೆರಳಗಲದ ಕೊಬ್ಬು. ತಣ್ಣನೆ ಬಿಯರಿನ ಜೊತೆ ಪೂರ್ತಿ ತಿಂದ, ತಟ್ಟೇನ ನಮ್ಮ ಕಡೆ ತಿರುಗಿಸಿ ತೋರಿಸಿದ. ಇನ್ನೊಂದು ಸಣ್ಣ ತುಂಡನ್ನ ಹುರಿದು ಮಗಳಿಗೆ ಅಂತ ಮುಚ್ಚಿಟ್ಟ.

ಆಸ್ಪತ್ರೇಲಿ ಕೊಟ್ಟ ಪೆನ್ನಿನ ಇಂಜೆಕ್ಷನ್ ಎಲ್ಲಿ ಅಂದೆ. ಒಂದು ಅವನ ಟ್ರಕ್ಕಿನ ಡ್ಯಾಶ್‌ಬೋರ್ಡಲ್ಲಿ ಬಿಸಿಲಿಗೆ ಬಿದ್ದಿತ್ತು. ಇನ್ನೊಂದು ಎಲ್ಲಿ ಹೋಯ್ತೋ ಗೊತ್ತಿಲ್ಲ. "ಈ ಮನೇಲಿ ಗೋಡಂಬೀನೇ ಇಲ್ಲ, ಅದ್ಯಾಕೆ?" ಅಂದ. ನಾನು ಬೈದು, ಇದ್ದ ಒಂದನ್ನ ತಂದು ಮೇಜಿನ ಮೇಲಿಟ್ಟೆ.

ಕೂತ್ವಿ. ಇಸ್ಪೀಟು ಆಡಿದ್ವಿ. ಬ್ರಾನ್ ಎಲೆ ನೋಡದೆ ಅಪ್ಪನ ತುಟೀನೇ ನೋಡ್ತಿದ್ದಳು. ಅವನು ಕೆಮ್ಮಿದ್ರೆ ಎದ್ದು ನಿಲ್ಲೋಳು. ಅವನು ಬೇಕಂತಲೇ ಗಂಟಲು ಹಿಡ್ಕೊಂಡು ನಾಲಿಗೆ ಚಾಚಿ ಅಣಕಿಸಿದ. "ನಿನ್ನ ಮುಖಕ್ಕೆ ಬೆಂಕಿ ಹಾಕ!" ಅಂತ ನಾನು ಕೂಗಿದೆ. ಮೂರು ದಾಟಿತು. ನಾಲ್ಕು ದಾಟಿತು. ಏನೂ ಆಗಲಿಲ್ಲ. ನನ್ನ ಮನಸ್ಸು ಹಗುರ ಆಗ್ತಾ ಬಂತು. ಡೂಗಲ್ ಹೇಳಿದ್ದು ಬೊಗಳೆ ಇರಬಹುದು ಅಂತ ನನಗೂ ಅನ್ನಿಸಿತು.

ಗಡಿಯಾರ ಐದು ಹೊಡೀತು. ಲೆಸ್ಟರ್ ಎದ್ದು ಟೋಪಿ ತೆಗೆದು ಸಲಾಮು ಹೊಡೆದ. ಮುಚ್ಚಿಟ್ಟಿದ್ದ ತಟ್ಟೆ ತಂದು ಮಗಳ ಮುಂದಿಟ್ಟ. ಅಣಕ ಇರಲಿಲ್ಲ ಆಗ ಅವನ ದನೀಲಿ. "ತಿನ್ನು ಮರಿ. ನನಗೋಸ್ಕರ."

ಅವಳು ಫೋರ್ಕಿನಲ್ಲಿ ಒಂದು ತುಂಡು ಚುಚ್ಚಿದಳು. ಮುಖದ ಬಣ್ಣವೇ ಹೋಗಿತ್ತು. ಕಣ್ಣು ಮುಚ್ಚಿ ಬಾಯಿಗಿಟ್ಕೊಂಡಳು. ಅಗಿಯೋಕೂ ಆಗದೆ, ನುಂಗೋಕೂ ಆಗದೆ, ಕೆನ್ನೇಲಿ ಅದುಮಿಕೊಂಡು ಕೂತಳು. ಕಣ್ಣೀರು ಇಳೀತಿತ್ತು. ಲೆಸ್ಟರ್ ಅವಳನ್ನೇ ನೋಡ್ತಾ, ಆಸೆಯಿಂದ ನೋಡ್ತಾ, ಎಡಗೈಯಿಂದ ಬಲ ಅಂಗೈಯನ್ನ ಕೆರ್ಕೊಂಡ.

ನಾನು ನೋಡಿದೆ. ಮತ್ತೆ ಕೆರ್ಕೊಂಡ. ಆಮೇಲೆ ಕುತ್ತಿಗೆ. ಅಂಗಿ ಕಾಲರಿನ ಮೇಲೆ ಕೆಂಪು ದದ್ದು ಹತ್ತಿ ಬರ್ತಾ ಇತ್ತು.

"ಲೆಸ್ಟರ್!" ಅಂದೆ.

ಅವನು ತನ್ನ ಅಂಗೈಯನ್ನ ನೋಡ್ಕೊಂಡ. ಏನೋ ಹೇಳೋಕೆ ಹೋದ. ಅಷ್ಟರಲ್ಲಿ ಮೊಣಕಾಲು ಕುಸೀತು. ನಾನು ಇಂಜೆಕ್ಷನ್ನನ್ನ ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದೆ. ಬ್ರಾನ್ ಫೋನಲ್ಲಿ ಆಂಬುಲೆನ್ಸಿಗೆ ಕೂಗ್ತಿದ್ದಳು, ಬಾಯಲ್ಲಿ ಆ ತುಂಡು ಹಾಗೇ ಇತ್ತು. ಹತ್ತಿರದ ಗಾಡಿ ಬೇರೆ ಕಡೆ ಹೋಗಿದೆ, ಇನ್ನೊಂದು ಗುಡ್ಡದ ಆಚೆಯಿಂದ ಬರ್ತಿದೆ, ಅವರನ್ನ ಎತ್ತಿ ನಿಲ್ಲಿಸಬೇಡಿ, ಅಂಗಾತ ಮಲಗಿಸಿ ಅಂದ್ರು. ವರಾಂಡದ ಹಲಗೆ ಮೇಲೆ ಮಲಗಿಸಿದ್ವಿ. ಸ್ವಲ್ಪ ಹೊತ್ತು ಉಸಿರು ಸಲೀಸಾಯಿತು. ಬದುಕಿದ ಅಂದ್ಕೊಂಡೆ. ದೇವರಾಣೆಗೂ ಹಾಗೇ ಅಂದ್ಕೊಂಡೆ. ಆಮೇಲೆ ಅದು ಮತ್ತೆ ಏರಿ ಬಂತು, ಮೊದಲಿಗಿಂತ ಜೋರಾಗಿ. ಚುಚ್ಚೋಕೆ ಇನ್ನೊಂದು ಇರಲಿಲ್ಲ.

ಬ್ರಾನ್ ಅವನ ಪಕ್ಕ ಮೊಣಕಾಲೂರಿ ಕೂತು ಕೈ ಹಿಡ್ಕೊಂಡಿದ್ದಳು. ಊದಿ ಮುಚ್ಚಿಹೋಗ್ತಿದ್ದ ಕಣ್ಣಲ್ಲಿ ಅವನು ಅವಳ ಕೆನ್ನೆಯನ್ನ ನೋಡಿದ. ಉಬ್ಬಿದ್ದ ಕೆನ್ನೆ. ಬೆರಳೆತ್ತಿ ಅದನ್ನ ಮುಟ್ಟಿದ.

"ಉಗಿ ಮರಿ," ಅಂದ. ದನಿ ಎಲ್ಲೋ ಆಳದಿಂದ ಬಂತು. "ಉಗಿದುಬಿಡು. ನೀನೇ ಗೆದ್ದೆ."

ಅದೇ ಅವನ ಕೊನೇ ಮಾತು. ಆಂಬುಲೆನ್ಸಿನೋರು ಬಂದು ಬಹಳ ಹೊತ್ತು ಗುದ್ದಾಡಿದ್ರು. ಫಲ ಸಿಗಲಿಲ್ಲ.

ಅವನು ಹಾಗಂದಾಗ ಬ್ರಾನ್ ಉಗೀಲಿಲ್ಲ. ಅಪ್ಪನ ಮುಖಾನೇ ನೋಡ್ತಾ, ಅವನಿಗಿನ್ನೂ ಕಾಣ್ತಿರೋವಾಗಲೇ, ನಿಧಾನಕ್ಕೆ ಅಗಿದು ನುಂಗಿಬಿಟ್ಟಳು.